ಲಾಕ್ ಹಾಕಿದರೂ ಎರಡೆರಡು ಸಲ ಓಡುತ್ತಿದೆಯೇ? ಲಿನಕ್ಸ್ ಫೈಲ್ ಲಾಕ್‌ಗೆ ಹಂತ ಹಂತದ ಮಾರ್ಗದರ್ಶಿ

ಕ್ರಾನ್‌ನಲ್ಲಿ (ಗೊತ್ತುಪಡಿಸಿದ ಹೊತ್ತಿಗೆ ಕಮಾಂಡ್ ಓಡಿಸುವ ಸೌಲಭ್ಯ) 5 ನಿಮಿಷಕ್ಕೊಮ್ಮೆ ಓಡುವ ಒಂದು ಶೆಲ್ ಸ್ಕ್ರಿಪ್ಟ್, ಜೊತೆಗೆ ಪೈಥಾನ್‌ನಲ್ಲಿ ಬರೆದ ಒಂದು ವೆಬ್ ಆ್ಯಪ್. ಎರಡೂ ಒಂದೇ ಫೈಲಿನಿಂದ ಹಿಂದಿನ ಬಿಲ್ ನಂಬರ್ ಓದಿ, ಒಂದು ಕೂಡಿಸಿ, ವಾಪಸ್ ಬರೆದಿಡುತ್ತವೆ. ಸ್ಕ್ರಿಪ್ಟ್ 1041 ಓದಿತು. ಅದು ಬರೆಯುವಷ್ಟರಲ್ಲಿ ಆ್ಯಪ್ ಕೂಡ 1041 ಓದಿತು. ಎರಡೂ 1042 ಎಂದು ಬರೆದವು. ಗ್ರಾಹಕರಿಬ್ಬರಿಗೆ ಒಂದೇ ನಂಬರಿನ ಬಿಲ್.

ಇಂಥ ಕಡೆ ಲಾಕ್ ಬೇಕು ಎನ್ನುವುದು ಎಲ್ಲರಿಗೂ ಗೊತ್ತು, ಹಾಕಿಯೂ ಇರುತ್ತಾರೆ. ಆದರೂ ಯಾವಾಗಲೋ ಒಮ್ಮೆ ನಂಬರ್ ಡಬಲ್ ಆಗುತ್ತದೆ, ಇಲ್ಲವೇ ಸ್ಕ್ರಿಪ್ಟ್ ಮುಂದೆ ಹೋಗದೆ ಗಂಟೆಗಟ್ಟಲೆ ನಿಂತುಬಿಡುತ್ತದೆ. ಇಂಥ ಕೋಡ್ ಬಿಚ್ಚಿ ನೋಡಿದಾಗ ಎಡವಟ್ಟು ಹೆಚ್ಚಾಗಿ ಒಂದೇ ಕಡೆ ಸಿಗುತ್ತದೆ: ಈ ಲಾಕ್ ಯಾರ ಕೈಯಲ್ಲಿದೆ ಎಂದು ಬರೆದವರು ಯೋಚಿಸಿರುವುದಿಲ್ಲ. ಹಾಗಾಗಿ ಇಲ್ಲಿ ಕೋಡ್‌ಗಿಂತ ಮೊದಲು ಆ ಪ್ರಶ್ನೆ.

ಬೇಕಾದ ಸಾಮಾನು

ಒಂದು ಲಿನಕ್ಸ್ ಯಂತ್ರ, ಎರಡು ಟರ್ಮಿನಲ್, ಪೈಥಾನ್ 3. ಫ್ಲಾಕ್ ಮತ್ತು ಎಲ್‌ಎಸ್‌ಲಾಕ್ಸ್ ಎಂಬ ಕಮಾಂಡ್‌ಗಳು ಯುಟಿಲ್-ಲಿನಕ್ಸ್ ಪ್ಯಾಕೇಜಿನವು, ಸಾಮಾನ್ಯವಾಗಿ ಮೊದಲೇ ಇರುತ್ತವೆ. ಫೈಲನ್ನು ಯಾರು ತೆರೆದಿಟ್ಟಿದ್ದಾರೆಂದು ನೋಡಲು ಫ್ಯೂಸರ್ ಅಥವಾ ಎಲ್‌ಎಸ್‌ಓಎಫ್ ಇದ್ದರೆ ಅನುಕೂಲ. ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ, ದೊಡ್ಡಕ್ಷರವಾದರೆ ಅಲ್ಲೇ ಹೇಳಿದ್ದೇನೆ.

ವಿಂಡೋಸ್‌ನ ಲಾಕ್ ಬೇರೆಯೇ ರೀತಿ ಕೆಲಸ ಮಾಡುತ್ತದೆ, ಪೈಥಾನಿನ ಎಫ್‌ಸಿಎನ್‌ಟಿಎಲ್ ಮಾಡ್ಯೂಲ್ ಅಲ್ಲಿ ಇಲ್ಲವೇ ಇಲ್ಲ. ಅದು ಇಲ್ಲಿನ ವಿಷಯವಲ್ಲ.

ಹಂತ 1: ಯಾವ ಜಾತಿಯ ಲಾಕ್ ಎಂದು ಮೊದಲು ತೀರ್ಮಾನಿಸಿ

ಮೊದಲು ಒಂದು ಮಾತು: ಲಿನಕ್ಸ್‌ನಲ್ಲಿ ಫೈಲ್ ಲಾಕ್ ಎಂದರೆ ಬರೀ ಒಪ್ಪಂದ. ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿದ ಹಾಗೆ. ಟವಲಿಗೆ ಮರ್ಯಾದೆ ಕೊಡುವವರಿಗಷ್ಟೇ ಅದು ಲಾಕ್. ಲಾಕ್ ಕೇಳದೆ ನೇರವಾಗಿ ಫೈಲಿಗೆ ಬರೆಯುವ ಪ್ರೋಗ್ರಾಂ ಅನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ತಡೆಯುವುದಿಲ್ಲ. ಕಡ್ಡಾಯ ಲಾಕ್ ಎಂಬ ಸೌಲಭ್ಯ ಒಂದಿತ್ತು, ಕರ್ನಲ್ 5.15ರಲ್ಲಿ ಅದನ್ನು ತೆಗೆದೇ ಹಾಕಿದರು. ಆದ್ದರಿಂದ ಆ ಫೈಲನ್ನು ಮುಟ್ಟುವ ಪ್ರತಿಯೊಂದು ಪ್ರೋಗ್ರಾಂ ಲಾಕ್ ಕೇಳಲೇಬೇಕು. ಅವುಗಳ ಪಟ್ಟಿ ಮಾಡಿಕೊಳ್ಳಿ. ಕೈಯಾರೆ ಓಡಿಸುವ ರಿಪೇರಿ ಸ್ಕ್ರಿಪ್ಟ್ ಕೂಡ ಪಟ್ಟಿಯಲ್ಲಿರಲಿ.

ಈಗ ಜಾತಿ. ಮೂರಿವೆ.

ಫ್ಲಾಕ್ ಲಾಕ್ ಅಂಟಿಕೊಳ್ಳುವುದು ಓಪನ್‌ಗೆ. ನೀವು ಫೈಲನ್ನು ಓಪನ್ ಮಾಡಿದಾಗ ಕರ್ನಲ್ ಒಳಗೆ ಒಂದು ದಾಖಲೆ ಹುಟ್ಟುತ್ತದೆ, ಲಾಕ್ ಆ ದಾಖಲೆಯ ಹೆಸರಿನಲ್ಲಿರುತ್ತದೆ. ಫೋರ್ಕ್ ಮಾಡಿದರೆ (ಓಡುತ್ತಿರುವ ಪ್ರೋಗ್ರಾಂ, ಅಂದರೆ ಪ್ರೊಸೆಸ್, ತನ್ನದೇ ನಕಲನ್ನು ಹುಟ್ಟಿಸಿದರೆ), ಡಿಸ್ಕ್ರಿಪ್ಟರನ್ನು (ತೆರೆದ ಫೈಲಿಗೆ ಸಿಗುವ ಸಂಖ್ಯೆಯನ್ನು) ನಕಲು ಮಾಡಿದರೆ ಎಲ್ಲವೂ ಅದೇ ದಾಖಲೆಯನ್ನು ತೋರಿಸುತ್ತವೆ, ಅಂದರೆ ಲಾಕ್ ಒಂದೇ. ಆ ಎಲ್ಲ ನಕಲುಗಳೂ ಮುಚ್ಚಿದಾಗ, ಇಲ್ಲವೇ ಅವುಗಳಲ್ಲಿ ಯಾವುದಾದರೊಂದು ಅನ್‌ಲಾಕ್ ಕರೆದಾಗ ಲಾಕ್ ಹೋಗುತ್ತದೆ.

ಎಫ್‌ಸಿಎನ್‌ಟಿಎಲ್ ಲಾಕ್, ಅಂದರೆ ಪೋಸಿಕ್ಸ್ ಲಾಕ್, ಅಂಟಿಕೊಳ್ಳುವುದು ಪ್ರೊಸೆಸ್‌ಗೆ. ಫೈಲಿನ ಇಂತಿಷ್ಟು ಬೈಟ್‌ಗಳಿಗೆ ಮಾತ್ರ ಲಾಕ್ ಹಾಕಬಹುದು ಎನ್ನುವುದು ಇದರ ಲಾಭ. ಆದರೆ ಇದರಲ್ಲೊಂದು ದೊಡ್ಡ ಗುಂಡಿ ಇದೆ: ಅದೇ ಪ್ರೊಸೆಸ್ ಅದೇ ಫೈಲನ್ನು ಇನ್ನೆಲ್ಲೋ ಇನ್ನೊಮ್ಮೆ ತೆರೆದು ಮುಚ್ಚಿದರೂ ಸಾಕು, ಪ್ರೊಸೆಸ್ ಹಿಡಿದಿದ್ದ ಲಾಕ್‌ಗಳೆಲ್ಲ ಸದ್ದಿಲ್ಲದೆ ಕಳಚಿಬೀಳುತ್ತವೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬಳಸುವುದು ಈ ಜಾತಿಯನ್ನೇ. ನಿಮ್ಮ ಪ್ರೋಗ್ರಾಂ ಡೇಟಾಬೇಸ್ ಬಳಸುತ್ತಿರುವಾಗಲೇ ಯಾವುದೋ ಬ್ಯಾಕಪ್ ಫಂಕ್ಷನ್ ಆ ಡೇಟಾಬೇಸ್ ಫೈಲನ್ನು ಸಾದಾ ಓಪನ್‌ನಿಂದ ತೆರೆದು ಕಾಪಿ ಮಾಡಿ ಮುಚ್ಚಿದರೆ, ಎಸ್‌ಕ್ಯೂಲೈಟ್ ಹಿಡಿದಿದ್ದ ಲಾಕ್ ಹೋಯಿತು.

ಮೂರನೆಯದು ಓಎಫ್‌ಡಿ (ಓಪನ್ ಫೈಲ್ ಡಿಸ್ಕ್ರಿಪ್ಷನ್) ಲಾಕ್, ಕರ್ನಲ್ 3.15ರಿಂದ ಇದೆ. ಬೈಟ್ ಲೆಕ್ಕದ ಲಾಕ್, ಆದರೆ ಫ್ಲಾಕ್‌ನಂತೆ ಓಪನ್‌ಗೆ ಅಂಟಿಕೊಳ್ಳುತ್ತದೆ.

ನನ್ನ ಸಲಹೆ ನೇರ: ಫೈಲಿನ ಭಾಗಕ್ಕಷ್ಟೇ ಲಾಕ್ ಬೇಕಿಲ್ಲವಾದರೆ ಫ್ಲಾಕ್ ಹಿಡಿಯಿರಿ. ಭಾಗಕ್ಕೇ ಬೇಕಾದರೆ ಓಎಫ್‌ಡಿ. ಹೊಸ ಕೋಡ್‌ನಲ್ಲಿ ಹಳೇ ಪೋಸಿಕ್ಸ್ ಲಾಕ್‌ಗೆ ಹೋಗಲು ನನಗೆ ಕಾರಣ ಕಾಣುವುದಿಲ್ಲ.

ಎಲ್ಲರೂ ಬೀಳುವ ತಪ್ಪು: ಯಂತ್ರದ ಸ್ವಂತ ಡಿಸ್ಕ್ ಮೇಲೆ ಫ್ಲಾಕ್ ಮತ್ತು ಪೋಸಿಕ್ಸ್ ಲಾಕ್‌ಗಳು ಒಂದನ್ನೊಂದು ಗಮನಿಸುವುದೇ ಇಲ್ಲ. ಶೆಲ್‌ನಲ್ಲಿ ಫ್ಲಾಕ್ ಕಮಾಂಡ್ ಬಳಸಿ, ಪೈಥಾನ್‌ನಲ್ಲಿ ಎಫ್‌ಸಿಎನ್‌ಟಿಎಲ್ ಮಾಡ್ಯೂಲಿನ ಲಾಕ್‌ಎಫ್ ಕರೆದರೆ ಎರಡಕ್ಕೂ ಲಾಕ್ ಸಿಗುತ್ತದೆ, ಎರಡೂ ಒಳಗೆ ನುಗ್ಗುತ್ತವೆ. ಏಕೆಂದರೆ ಲಾಕ್‌ಎಫ್ ಒಳಗೆ ಪೋಸಿಕ್ಸ್ ಲಾಕ್. ಶೆಲ್‌ಗೆ ಫ್ಲಾಕ್ ಎಂದಾದರೆ ಪೈಥಾನ್‌ನಲ್ಲೂ ಫ್ಲಾಕ್ ಫಂಕ್ಷನ್ನೇ ಆಗಬೇಕು.

ಹಂತ 2: ಲಾಕ್‌ಗೆ ಬೇರೆಯೇ ಫೈಲ್ ಇಡಿ, ಅದನ್ನು ಎಂದೂ ಅಳಿಸಬೇಡಿ

ಬಿಲ್ ನಂಬರಿನ ಫೈಲಿಗೇ ಲಾಕ್ ಹಾಕಬೇಡಿ. ಪಕ್ಕದಲ್ಲಿ ಖಾಲಿ ಫೈಲೊಂದನ್ನು ಇಟ್ಟು ಅದಕ್ಕೆ ಹಾಕಿ. ಕಾರಣ ಇದು: ಡೇಟಾ ಫೈಲನ್ನು ಸುರಕ್ಷಿತವಾಗಿ ಬದಲಾಯಿಸುವ ಸರಿಯಾದ ದಾರಿ ಎಂದರೆ ತಾತ್ಕಾಲಿಕ ಫೈಲಿಗೆ ಬರೆದು, ಅದಕ್ಕೆ ಹಳೇ ಹೆಸರು ಕೊಡುವುದು. ಹಾಗೆ ಮಾಡಿದ ಕ್ಷಣ ಆ ಹೆಸರಿನ ಹಿಂದಿನ ಐನೋಡ್, ಅಂದರೆ ಡಿಸ್ಕ್ ಮೇಲಿನ ನಿಜವಾದ ಫೈಲ್, ಬದಲಾಗುತ್ತದೆ. ಲಾಕ್ ಇರುವುದು ಹಳೇ ಐನೋಡ್ ಮೇಲೆ, ಹೊಸಬರು ತೆರೆಯುವುದು ಹೊಸದನ್ನು.

ಕೆಲಸ ಮುಗಿದ ಮೇಲೆ ಲಾಕ್ ಫೈಲನ್ನು ಅಳಿಸಿ ಚೊಕ್ಕಟ ಮಾಡುವ ಆಸೆಯೂ ಇದೇ ಗುಂಡಿಗೆ ತಳ್ಳುತ್ತದೆ. ನಿಧಾನವಾಗಿ ನೋಡಿ. ಮೊದಲನೆಯ ಪ್ರೊಸೆಸ್ ಲಾಕ್ ಹಿಡಿದಿದೆ. ಎರಡನೆಯದು ಅದೇ ಫೈಲನ್ನು ತೆರೆದು ಕಾಯುತ್ತಿದೆ. ಮೊದಲನೆಯದು ಫೈಲ್ ಅಳಿಸಿ ಹೊರಟಿತು. ಎರಡನೆಯದಕ್ಕೆ ಲಾಕ್ ಸಿಕ್ಕಿತು, ಆದರೆ ಹೆಸರೇ ಇಲ್ಲದ ಫೈಲಿನ ಮೇಲೆ. ಅಷ್ಟರಲ್ಲಿ ಮೂರನೆಯದು ಬಂತು, ಆ ಹೆಸರಿನ ಫೈಲ್ ಇಲ್ಲದ್ದರಿಂದ ಹೊಸದನ್ನು ಹುಟ್ಟಿಸಿತು, ಅದರ ಮೇಲೆ ಲಾಕ್ ಪಡೆಯಿತು. ಎರಡನೆಯದೂ ಮೂರನೆಯದೂ ಈಗ ಒಟ್ಟಿಗೆ ಒಳಗಿವೆ, ಎರಡೂ ನಿಯಮ ಪಾಲಿಸಿಯೇ ಬಂದಿವೆ. ಖಾಲಿ ಫೈಲೊಂದು ಬಿದ್ದಿದ್ದರೆ ಯಾರಿಗೂ ತೊಂದರೆಯಿಲ್ಲ, ಬಿಟ್ಟುಬಿಡಿ.

ಉಬುಂಟುವಿನಲ್ಲಿ ಏನಾದರೂ ಇನ್‌ಸ್ಟಾಲ್ ಮಾಡುವಾಗ ಪ್ಯಾಕೇಜ್ ಹಾಕುವ ಡಿಪಿಕೆಜಿಯ ಲಾಕ್ ಸಿಗಲಿಲ್ಲ ಎಂಬ ಎರರ್ ಬಂದರೆ ಆ ಲಾಕ್ ಫೈಲನ್ನೇ ಅಳಿಸಿ ಎಂದು ಹೇಳುವವರು ಊರಿಗೊಬ್ಬರಿದ್ದಾರೆ. ಅವರು ಹೇಳುತ್ತಿರುವುದೂ ಇದನ್ನೇ. ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೆಯುತ್ತಿರುವಾಗ ಅಳಿಸಿದರೆ ಎರಡು ಇನ್‌ಸ್ಟಾಲ್ ಒಟ್ಟಿಗೆ ಓಡುತ್ತವೆ.

ಜಾಗದ ವಿಷಯ. /ಟಿಎಂಪಿ ಬೇಡ. ಬೇರೆ ಯೂಸರ್ ಆ ಹೆಸರಿನ ಫೈಲನ್ನು ಮೊದಲೇ ಮಾಡಿಟ್ಟಿರಬಹುದು. ಹಳೇ ಫೈಲ್‌ಗಳನ್ನು ಗುಡಿಸುವ ಸೇವೆ ನಿಮ್ಮ ಲಾಕ್ ಫೈಲನ್ನೂ ಗುಡಿಸಬಹುದು. ಇನ್ನೊಂದು ಕಣ್ಣಿಗೆ ಕಾಣದ ತೊಂದರೆ: ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಂಡಿಯಲ್ಲಿ ಪ್ರೈವೇಟ್‌ಟಿಎಂಪಿ ಆನ್ ಇರುವ ಸರ್ವಿಸ್‌ಗೆ ಅದರದ್ದೇ ಪ್ರತ್ಯೇಕ /ಟಿಎಂಪಿ ಇರುತ್ತದೆ. ಕ್ರಾನ್ ಸ್ಕ್ರಿಪ್ಟೂ ವೆಬ್ ಆ್ಯಪೂ ಅಕ್ಷರಶಃ ಒಂದೇ ಹೆಸರಿನ ಫೈಲ್ ತೆರೆದರೂ ಅವು ಬೇರೆ ಬೇರೆ ಫೈಲ್‌ಗಳು. /ರನ್ ಕೆಳಗೆ ನಿಮ್ಮ ಆ್ಯಪ್‌ಗೆಂದೇ ಒಂದು ಡೈರೆಕ್ಟರಿ ಮಾಡಿ, ಎರಡೂ ಪ್ರೋಗ್ರಾಂಗಳ ಯೂಸರ್‌ಗಳಿಗೆ ಪರ್ಮಿಶನ್ ಕೊಡಿ. ರೀಬೂಟ್ ಆದರೆ /ರನ್ ಖಾಲಿಯಾಗುತ್ತದೆ, ಆಗ ಲಾಕ್ ಹಿಡಿದವರೂ ಉಳಿದಿರುವುದಿಲ್ಲ. ಡೈರೆಕ್ಟರಿ ಮಾತ್ರ ಪ್ರತಿ ಬೂಟ್‌ಗೂ ಮತ್ತೆ ಹುಟ್ಟುವಂತೆ ವ್ಯವಸ್ಥೆ ಇರಲಿ.

ಡಾಕರ್ ಕಂಟೇನರ್‌ಗಳಾದರೆ ಲಾಕ್ ಫೈಲಿರುವ ಡೈರೆಕ್ಟರಿಯನ್ನು ಎರಡಕ್ಕೂ ಮೌಂಟ್ ಮಾಡಿ. ಕರ್ನಲ್ ಒಂದೇ ಆಗಿರುವುದರಿಂದ ಲಾಕ್ ಕೆಲಸ ಮಾಡುತ್ತದೆ.

ಹಂತ 3: ಶೆಲ್ ಸ್ಕ್ರಿಪ್ಟ್‌ಗೆ ಲಾಕ್

ಕ್ರಾನ್ ಜಾಬ್ ಒಂದರ ಮೇಲೊಂದು ಓಡಬಾರದು ಎನ್ನುವುದಷ್ಟೇ ಗುರಿಯಾದರೆ ಸ್ಕ್ರಿಪ್ಟನ್ನು ಮುಟ್ಟುವುದೇ ಬೇಡ. ಕ್ರಾನ್ ಸಾಲಿನಲ್ಲಿ ಕಮಾಂಡಿನ ಮುಂದೆ ಫ್ಲಾಕ್, ಮೈನಸ್ ಎನ್, ಲಾಕ್ ಫೈಲಿನ ಹೆಸರು. ಆಮೇಲೆ ನಿಮ್ಮ ಕಮಾಂಡ್. ಮೈನಸ್ ಎನ್ ಎಂದರೆ ಲಾಕ್ ಸಿಗದಿದ್ದರೆ ಕಾಯದೆ ವಾಪಸ್ಸಾಗು ಎಂದು. ಇದನ್ನು ಬಿಟ್ಟರೆ ಹಿಂದಿನ ಜಾಬ್ ಸಿಕ್ಕಿಹಾಕಿಕೊಂಡ ದಿನ 5 ನಿಮಿಷಕ್ಕೊಂದರಂತೆ ಕಾಯುವವರ ಸಾಲು ಬೆಳೆಯುತ್ತಾ ಹೋಗುತ್ತದೆ.

ಲಾಕ್ ಸಿಗದಾಗ ಫ್ಲಾಕ್ ಕೊಡುವ ಎಕ್ಸಿಟ್ ಕೋಡ್ 1. ನಿಮ್ಮ ಸ್ಕ್ರಿಪ್ಟ್ ಸೋತಾಗ ಕೊಡುವುದೂ ಹೆಚ್ಚಾಗಿ 1. ಯಾವುದು ಏನೆಂದು ತಿಳಿಯಬೇಕಾದರೆ ಮೈನಸ್ ದೊಡ್ಡಕ್ಷರದ ಇ ಕೊಟ್ಟು ಬೇರೆ ಸಂಖ್ಯೆ ಹಾಕಿ, 75 ಎಂದಿಟ್ಟುಕೊಳ್ಳಿ. ಮಾನಿಟರಿಂಗ್‌ನಲ್ಲಿ 75 ಬಂದರೆ ‘ಹಿಂದಿನದು ಇನ್ನೂ ಓಡುತ್ತಿದೆ’ ಎಂದರ್ಥ.

ಸ್ಕ್ರಿಪ್ಟಿನ ಒಂದು ಭಾಗಕ್ಕಷ್ಟೇ ಲಾಕ್ ಬೇಕೆಂದರೆ ಡಿಸ್ಕ್ರಿಪ್ಟರ್ ದಾರಿ ಹಿಡಿಯಿರಿ. ನಮ್ಮ ಬಿಲ್ ನಂಬರಿಗೆ ಬೇಕಾದ್ದು ಇದೇ. ಮೊದಲು ಎಕ್ಸೆಕ್ 9>> ಎಂದು ಬರೆದು ಮುಂದೆ ಲಾಕ್ ಫೈಲಿನ ಹೆಸರು. ಮುಂದಿನ ಸಾಲಿನಲ್ಲಿ ಫ್ಲಾಕ್, ಮೈನಸ್ ಡಬ್ಲ್ಯೂ 10, ಆಮೇಲೆ 9. ಅಂದರೆ 9ನೇ ಡಿಸ್ಕ್ರಿಪ್ಟರ್ ಮೇಲೆ ಲಾಕ್ ಕೇಳು, 10 ಸೆಕೆಂಡ್ ಕಾಯಿ. ಆ ಸಾಲಿಗೇ ‘ಸಿಗದಿದ್ದರೆ ಎಕ್ಸಿಟ್’ ಎಂಬ ಷರತ್ತನ್ನು || ಹಾಕಿ ಸೇರಿಸಿ. ಇದನ್ನು ಮರೆತ ಸ್ಕ್ರಿಪ್ಟ್ ಲಾಕ್ ಸಿಗದಿದ್ದರೂ ಮುಂದಿನ ಸಾಲಿಗೆ ಆರಾಮಾಗಿ ಹೋಗುತ್ತದೆ. ಕೆಲಸ ಮುಗಿದಾಗ ಎಕ್ಸೆಕ್ 9>&- ಎಂದರೆ ಡಿಸ್ಕ್ರಿಪ್ಟರ್ ಮುಚ್ಚಿತು, ಲಾಕ್ ಬಿಟ್ಟಿತು.

ಅಂದಹಾಗೆ, ಸಿಸ್ಟಂಡಿ ಟೈಮರ್ ಬಳಸುವವರಿಗೆ ಒಂದರ ಮೇಲೊಂದು ಓಡುವ ತಾಪತ್ರಯವಿಲ್ಲ. ಹಿಂದಿನ ಸರ್ವಿಸ್ ಮುಗಿಯದಿದ್ದರೆ ಟೈಮರ್ ಇನ್ನೊಂದನ್ನು ಎಬ್ಬಿಸುವುದಿಲ್ಲ. ಆದರೆ ನೀವೇ ಟರ್ಮಿನಲ್‌ನಿಂದ ಸ್ಕ್ರಿಪ್ಟನ್ನು ನೇರವಾಗಿ ಓಡಿಸಿದರೆ ಆ ಕಾವಲು ಇರುವುದಿಲ್ಲ.

ಹಂತ 4: ಪೈಥಾನ್‌ನಲ್ಲಿ ಕ್ರಮ ತಪ್ಪದಂತೆ

ಕ್ರಮ ಹೀಗೆ: ಲಾಕ್ ಫೈಲ್ ತೆರೆ, ಲಾಕ್ ಹಿಡಿ, ಡೇಟಾ ಓದು, ಲೆಕ್ಕ ಮಾಡು, ಬರೆ, ಡೇಟಾ ಫೈಲ್ ಮುಚ್ಚು, ಕೊನೆಗೆ ಲಾಕ್ ಫೈಲ್ ಮುಚ್ಚು. ಕೇಳಲು ಸರಳ. ಆದರೂ ನಾಲ್ಕು ಕಡೆ ಕಾಲು ಜಾರುತ್ತದೆ.

ಲಾಕ್‌ಗಿಂತ ಮೊದಲೇ ಓದುವುದು. ಪ್ರೋಗ್ರಾಂ ಶುರುವಿನಲ್ಲೇ ನಂಬರ್ ಓದಿಟ್ಟುಕೊಂಡು, ಬರೆಯುವಾಗ ಮಾತ್ರ ಲಾಕ್ ಹಾಕುವ ಕೋಡ್ ಬಹಳ ಕಾಣುತ್ತದೆ. ಕಾಯುವ ಹೊತ್ತಿನಲ್ಲಿ ಬೇರೆಯವರು ನಂಬರ್ ಬದಲಿಸಿರುತ್ತಾರೆ. ಓದು, ಲೆಕ್ಕ, ಬರಹ ಮೂರೂ ಒಂದೇ ಲಾಕ್‌ನೊಳಗೆ ಇರಬೇಕು.

ಡಬ್ಲ್ಯೂ ಮೋಡ್‌ನಲ್ಲಿ ತೆರೆಯುವುದು. ಡೇಟಾ ಫೈಲಿಗೇ ಲಾಕ್ ಹಾಕುವವರು ಇದರಲ್ಲಿ ಬೀಳುತ್ತಾರೆ. ಡಬ್ಲ್ಯೂ ಎಂದರೆ ತೆರೆದ ಕ್ಷಣವೇ ಫೈಲ್ ಖಾಲಿ, ಲಾಕ್ ಕೇಳುವುದು ಆಮೇಲೆ. ಇನ್ನೊಬ್ಬರು ಲಾಕ್ ಹಿಡಿದು ಓದುತ್ತಿರುವಾಗಲೇ ನೀವು ಫೈಲ್ ಒರೆಸಿ ಹಾಕಿರುತ್ತೀರಿ. ಲಾಕ್ ಫೈಲ್‌ಗೂ ಎ ಮೋಡ್ ಬಳಸುವ ರೂಢಿ ಒಳ್ಳೆಯದು. ಶೆಲ್‌ನಲ್ಲಿ > ಬಿಟ್ಟು >> ಹಾಕಿದ್ದೂ ಅದಕ್ಕೇ.

ಓಪನ್ ಮಾಡಿದ್ದನ್ನು ಹಿಡಿದಿಟ್ಟುಕೊಳ್ಳದಿರುವುದು. ಒಂದೇ ಸಾಲಿನಲ್ಲಿ ಮುಗಿಸೋಣವೆಂದು ಫ್ಲಾಕ್ ಫಂಕ್ಷನ್ನಿನ ಆವರಣದೊಳಗೇ ಓಪನ್ ಕರೆದರೆ ಲಾಕ್ ಸಿಗುತ್ತದೆ, ಎರರ್ ಇಲ್ಲ. ಆದರೆ ಆ ಫೈಲ್ ಆಬ್ಜೆಕ್ಟನ್ನು ಯಾವ ವೇರಿಯಬಲ್ಲೂ ಹಿಡಿದಿಲ್ಲವಾದ್ದರಿಂದ ಸಾಲು ಮುಗಿಯುತ್ತಲೇ ಪೈಥಾನ್ ಅದನ್ನು ಮುಚ್ಚಿಬಿಡುತ್ತದೆ. ಮುಚ್ಚಿದೊಡನೆ ಲಾಕ್ ಹೋಯಿತು. ವಿತ್ ಬ್ಲಾಕ್ ಬಳಸಿ, ರಕ್ಷಿಸಬೇಕಾದ ಎಲ್ಲ ಸಾಲುಗಳನ್ನೂ ಅದರೊಳಗೆ ಬರೆಯಿರಿ.

ಬಫರ್ ಖಾಲಿಯಾಗುವ ಮೊದಲೇ ಅನ್‌ಲಾಕ್. ರೈಟ್ ಕರೆದರೆ ಅಕ್ಷರಗಳು ಮೊದಲು ಪೈಥಾನಿನ ಬಫರ್‌ನಲ್ಲಿ ಕೂರುತ್ತವೆ. ಆಗ ಅನ್‌ಲಾಕ್ ಮಾಡಿ, ಆಮೇಲೆ ಡೇಟಾ ಫೈಲ್ ಮುಚ್ಚಿದರೆ, ನಿಜವಾದ ಬರಹ ನಡೆಯುವುದು ಲಾಕ್ ಬಿಟ್ಟ ಮೇಲೆ. ಡೇಟಾ ಫೈಲನ್ನು ಮೊದಲು ಮುಚ್ಚಿ. ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೇ ಇಳಿಸುವ ಕರೆ) ಬೇಕೇ ಎಂದು ಕೇಳುವವರಿಗೆ: ಅದೇ ಯಂತ್ರದ ಇನ್ನೊಂದು ಪ್ರೊಸೆಸ್‌ಗೆ ಕಾಣಲು ಬೇಕಿಲ್ಲ. ಕರೆಂಟ್ ಹೋದರೂ ಬರೆದದ್ದು ಉಳಿಯಬೇಕಾದರೆ ಬೇಕು.

ಹಂತ 5: ಒಂದೇ ಪ್ರೋಗ್ರಾಂ ಒಳಗಿನ ಥ್ರೆಡ್‌ಗಳು

ಥ್ರೆಡ್ ಎಂದರೆ ಒಂದೇ ಪ್ರೊಸೆಸ್ ಒಳಗೆ ಒಟ್ಟಿಗೆ ಓಡುವ ಎಳೆ. ಇಲ್ಲಿ ಲಾಕ್‌ನ ಜಾತಿಗೆ ತಕ್ಕಂತೆ ಮುಖ ಬದಲಾಗುತ್ತದೆ. ಪೋಸಿಕ್ಸ್ ಲಾಕ್ ಪ್ರೊಸೆಸ್‌ನದು, ಎರಡನೇ ಥ್ರೆಡ್ ಕೇಳಿದರೂ ಕರ್ನಲ್ ‘ನಿನ್ನದೇ ಅಲ್ಲವೇ’ ಎಂದು ಕೊಟ್ಟುಬಿಡುತ್ತದೆ. ಥ್ರೆಡ್‌ಗಳ ನಡುವೆ ಅದು ಯಾರನ್ನೂ ತಡೆಯುವುದಿಲ್ಲ.

ಫ್ಲಾಕ್ ಅಥವಾ ಓಎಫ್‌ಡಿಯಲ್ಲಿ ಪ್ರತಿ ಥ್ರೆಡ್ ತನ್ನದೇ ಓಪನ್ ಮಾಡಿದರೆ ಒಂದು ಇನ್ನೊಂದನ್ನು ಸರಿಯಾಗಿ ತಡೆಯುತ್ತದೆ. ಒಂದೇ ಡಿಸ್ಕ್ರಿಪ್ಟರನ್ನು ಗ್ಲೋಬಲ್ ಆಗಿಟ್ಟು ಎಲ್ಲರೂ ಬಳಸಿದರೆ ಎಲ್ಲರಿಗೂ ತಕ್ಷಣ ಲಾಕ್ ಸಿಗುತ್ತದೆ. ಮೊದಲು ಅನ್‌ಲಾಕ್ ಮಾಡಿದವರು ಎಲ್ಲರದ್ದನ್ನೂ ಬಿಡಿಸುತ್ತಾರೆ. ಇನ್ನೊಂದು ಕಡೆ, ಒಂದೇ ಥ್ರೆಡ್ ಅದೇ ಫೈಲನ್ನು ಎರಡು ಸಲ ತೆರೆದು ಎರಡಕ್ಕೂ ಲಾಕ್ ಕೇಳಿದರೆ ತನ್ನನ್ನು ತಾನೇ ಕಾಯುತ್ತಾ ಕೂರುತ್ತದೆ. ಲಾಕ್ ಹಿಡಿದ ಫಂಕ್ಷನ್, ಒಳಗೆ ಮತ್ತದೇ ಲಾಕ್ ಕೇಳುವ ಇನ್ನೊಂದು ಫಂಕ್ಷನ್ನನ್ನು ಕರೆದಾಗ ಹೀಗಾಗುತ್ತದೆ.

ಸುಲಭದ ದಾರಿ: ಥ್ರೆಡ್‌ಗಳ ನಡುವೆ ಭಾಷೆಯದ್ದೇ ಸಾದಾ ಥ್ರೆಡ್ ಲಾಕ್, ಪ್ರೊಸೆಸ್‌ಗಳ ನಡುವೆ ಫೈಲ್ ಲಾಕ್. ಮೊದಲು ಥ್ರೆಡ್ ಲಾಕ್, ಒಳಗೆ ಫೈಲ್ ಲಾಕ್. ಬಿಡುವುದು ತಿರುಗಾಮುರುಗಾ.

ಹಂತ 6: ಫೋರ್ಕ್ ಆದ ಮಕ್ಕಳ ಮೇಲೆ ಕಣ್ಣಿಡಿ

ಶೆಲ್ ಸ್ಕ್ರಿಪ್ಟ್ 9ನೇ ಡಿಸ್ಕ್ರಿಪ್ಟರ್ ಮೇಲೆ ಲಾಕ್ ಹಿಡಿದು, ಹಿನ್ನೆಲೆಯಲ್ಲಿ ಏನನ್ನಾದರೂ ಎಬ್ಬಿಸಿ ತಾನು ಮುಗಿಯಿತು ಎನ್ನಿ. ಹಿನ್ನೆಲೆಯಲ್ಲಿರುವುದಕ್ಕೆ ಆ ಡಿಸ್ಕ್ರಿಪ್ಟರ್ ಬಳುವಳಿಯಾಗಿ ಬಂದಿರುತ್ತದೆ. ಅದು ಬದುಕಿರುವ ತನಕ ಲಾಕ್ ಇರುತ್ತದೆ. ನಾಳೆ ಬೆಳಿಗ್ಗೆ ಕ್ರಾನ್ ಜಾಬ್ ‘ಬೇರೆಯವರು ಓಡುತ್ತಿದ್ದಾರೆ’ ಎಂದು ವಾಪಸ್ಸಾಗುತ್ತಿರುತ್ತದೆ, ಸ್ಕ್ರಿಪ್ಟ್ ಎಲ್ಲೂ ಕಾಣುವುದಿಲ್ಲ. ಹಿನ್ನೆಲೆಗೆ ಕಳಿಸುವ ಕಮಾಂಡಿನ ಕೊನೆಗೆ 9>&- ಸೇರಿಸಿ. ಫ್ಲಾಕ್ ಕಮಾಂಡನ್ನೇ ಮುಂದೆ ಹಾಕುವ ರೀತಿಯಾದರೆ ಮೈನಸ್ ಓ ಕೊಡಿ. ಆಗ ಲಾಕ್ ಫ್ಲಾಕ್ ಪ್ರೊಸೆಸ್‌ನ ಬಳಿಯೇ ಉಳಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ.

ಪೈಥಾನ್ 3.4ರಿಂದ ಹೊರಗಿನ ಪ್ರೋಗ್ರಾಂ ಎಬ್ಬಿಸಿದಾಗ ಡಿಸ್ಕ್ರಿಪ್ಟರ್ ತಾನಾಗಿ ದಾಟುವುದಿಲ್ಲ. ಆದರೆ ಎಕ್ಸೆಕ್ ಇಲ್ಲದ, ಅಂದರೆ ಬೇರೆ ಪ್ರೋಗ್ರಾಂ ಆಗಿ ಬದಲಾಗದ, ಬರೀ ಫೋರ್ಕ್‌ನಲ್ಲಿ ದಾಟುತ್ತದೆ. ಪೈಥಾನ್ ವೆಬ್ ಸರ್ವರ್ ಗನಿಕಾರ್ನ್ ಪ್ರಿಲೋಡ್ ಆಯ್ಕೆಯಲ್ಲಿ (ಆ್ಯಪನ್ನು ಮೊದಲೇ ಲೋಡ್ ಮಾಡಿ ಆಮೇಲೆ ವರ್ಕರ್‌ಗಳನ್ನು ಫೋರ್ಕ್ ಮಾಡುವುದು) ಓಡುತ್ತಿದ್ದು, ನಿಮ್ಮ ಮಾಡ್ಯೂಲ್ ಇಂಪೋರ್ಟ್ ಆಗುವಾಗಲೇ ಲಾಕ್ ಫೈಲ್ ತೆರೆದಿಟ್ಟರೆ, ಎಲ್ಲ ವರ್ಕರ್‌ಗಳ ಕೈಯಲ್ಲೂ ಒಂದೇ ಓಪನ್. ಎಲ್ಲರಿಗೂ ಲಾಕ್ ಸಿಗುತ್ತದೆ, ಯಾರೂ ಯಾರನ್ನೂ ತಡೆಯುವುದಿಲ್ಲ. ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಒಂದೇ ವರ್ಕರ್ ಇರುವುದರಿಂದ ಅಲ್ಲಿ ಇದು ಎಂದೂ ಕಾಣಿಸಿಕೊಳ್ಳದು. ಲಾಕ್ ಬೇಕಾದ ಹೊತ್ತಿಗೇ ಫೈಲ್ ತೆರೆಯಿರಿ, ಕೆಲಸ ಮುಗಿದೊಡನೆ ಮುಚ್ಚಿ.

ಹಂತ 7: ಕಾಯುವ ಲೆಕ್ಕ

ಪೈಥಾನಿನ ಫ್ಲಾಕ್ ಫಂಕ್ಷನ್‌ಗೆ ಟೈಮ್‌ಔಟ್ ಇಲ್ಲ. ಕಾಯದ ಆಯ್ಕೆ ಕೊಟ್ಟು, ಬ್ಲಾಕಿಂಗ್‌ಐಓಎರರ್ ಹಿಡಿದು, ಚೂರು ಮಲಗಿ, ಗಡುವು ಮುಗಿಯುವ ತನಕ ಮತ್ತೆ ಕೇಳುವ ಲೂಪ್ ಬರೆಯಿರಿ. ಬೇರೆ ಎರರ್‌ಗಳನ್ನು ಇದರೊಳಗೆ ನುಂಗಬೇಡಿ. ಪರ್ಮಿಶನ್ ತಪ್ಪಿದ್ದನ್ನೂ ‘ಬ್ಯುಸಿ’ ಎಂದುಕೊಂಡು ಕಾಯುವ ಕೋಡ್ ಯಾರಿಗೂ ಬೇಡ.

ಎರಡು ಲಾಕ್ ಬೇಕಾದರೆ ಎಲ್ಲ ಪ್ರೋಗ್ರಾಂಗಳಲ್ಲೂ ಒಂದೇ ಕ್ರಮದಲ್ಲಿ ಹಿಡಿಯಿರಿ. ಪೋಸಿಕ್ಸ್ ಲಾಕ್‌ನಲ್ಲಿ ಡೆಡ್‌ಲಾಕ್ (ಒಬ್ಬರನ್ನೊಬ್ಬರು ಕಾಯುತ್ತಾ ಇಬ್ಬರೂ ನಿಂತುಬಿಡುವುದು) ಕಂಡರೆ ಕರ್ನಲ್ ಎರರ್ ಕೊಡುತ್ತದೆ, ಫ್ಲಾಕ್‌ನಲ್ಲಿ ಅಂಥ ದಯೆಯಿಲ್ಲ. ಓದಲು ಶೇರ್ಡ್ ಲಾಕ್ (ಹಲವರು ಒಟ್ಟಿಗೆ ಹಿಡಿಯಬಹುದಾದದ್ದು) ಹಿಡಿದು ಆಮೇಲೆ ಎಕ್ಸ್‌ಕ್ಲೂಸಿವ್‌ಗೆ (ಒಬ್ಬರಿಗಷ್ಟೇ ಸಿಗುವುದಕ್ಕೆ) ಬಡ್ತಿ ಕೇಳುವುದೂ ಅಪಾಯ. ಫ್ಲಾಕ್ ಹಳೇ ಲಾಕ್ ಬಿಟ್ಟು ಹೊಸದನ್ನು ಕೇಳುತ್ತದೆ, ನಡುವಿನ ಸಂದಿಯಲ್ಲಿ ಇನ್ನೊಬ್ಬರು ನುಸುಳಬಹುದು. ಬರೆಯುವ ಸಾಧ್ಯತೆ ಇದ್ದರೆ ಮೊದಲಿಗೇ ಎಕ್ಸ್‌ಕ್ಲೂಸಿವ್ ಕೇಳಿ.

ಹಂತ 8: ನಂಬುವ ಮೊದಲು ಮುರಿದು ನೋಡಿ

ಮೊದಲ ಟರ್ಮಿನಲ್‌ನಲ್ಲಿ ಫ್ಲಾಕ್, ಲಾಕ್ ಫೈಲ್, ಸ್ಲೀಪ್ 60 ಕೊಡಿ. ಎರಡನೆಯದರಲ್ಲಿ ಅದೇ ಫೈಲಿಗೆ ಮೈನಸ್ ಎನ್ ಹಾಕಿ ಕೇಳಿ, ಎಕ್ಸಿಟ್ ಕೋಡ್ 1 ಬರಬೇಕು. ಈಗ ಎಲ್‌ಎಸ್‌ಲಾಕ್ಸ್ ಓಡಿಸಿ. ಟೈಪ್ ಕಾಲಮ್ಮಿನಲ್ಲಿ ಫ್ಲಾಕ್, ಪೋಸಿಕ್ಸ್, ಓಎಫ್‌ಡಿ ಎಂದು ಜಾತಿ ಕಾಣುತ್ತದೆ. ಕಾಯುತ್ತಿರುವವರ ಮೋಡ್ ಪಕ್ಕ ನಕ್ಷತ್ರ ಇರುತ್ತದೆ. ನಿಮ್ಮ ಎರಡು ಪ್ರೋಗ್ರಾಂಗಳಲ್ಲಿ ಒಂದಕ್ಕೆ ಫ್ಲಾಕ್, ಇನ್ನೊಂದಕ್ಕೆ ಪೋಸಿಕ್ಸ್ ಎಂದು ಬಂದರೆ ಹಂತ 1ಕ್ಕೆ ವಾಪಸ್ ಹೋಗಿ.

ಈಗ ಮೊದಲ ಟರ್ಮಿನಲ್ಲಿನ ಫ್ಲಾಕ್ ಪ್ರೊಸೆಸ್ಸಿಗೆ ಕಿಲ್ ಮೈನಸ್ 9 ಕೊಡಿ. ಲಾಕ್ ಹೋಗುತ್ತದೆ ಎಂದುಕೊಂಡಿದ್ದರೆ ಮತ್ತೆ ನೋಡಿ, ಹೋಗಿಲ್ಲ. ಸ್ಲೀಪ್ ಇನ್ನೂ ಜೀವಂತ, ಡಿಸ್ಕ್ರಿಪ್ಟರ್ ಅದರ ಬಳಿಯೂ ಇದೆ. ಎಲ್‌ಎಸ್‌ಲಾಕ್ಸ್ ತೋರಿಸುವ ಪಿಐಡಿ (ಪ್ರೊಸೆಸ್ ನಂಬರ್) ಲಾಕ್ ಪಡೆದವರದು, ಈಗ ಹಿಡಿದಿರುವವರದೇ ಆಗಿರಬೇಕಿಲ್ಲ. ನಿಜವಾಗಿ ಯಾರ ಬಳಿ ಫೈಲ್ ತೆರೆದಿದೆ ಎನ್ನುವುದನ್ನು ಫ್ಯೂಸರ್ ಹೇಳುತ್ತದೆ. ಸ್ಲೀಪನ್ನೂ ಕೊಲ್ಲಿ, ಆ ಕ್ಷಣ ಲಾಕ್ ಬಿಡುತ್ತದೆ. ಪಿಐಡಿ ಬರೆದಿಟ್ಟ ಫೈಲ್ ಇದೆಯೋ ಇಲ್ಲವೋ ನೋಡುವ ಹಳೇ ಪದ್ಧತಿಗಿಂತ ಇದು ಮೇಲಾಗುವುದು ಇಲ್ಲೇ: ಹಿಡಿದವರೆಲ್ಲ ಸತ್ತ ಮೇಲೆ ಕರ್ನಲ್ ತಾನೇ ಬಿಡಿಸುತ್ತದೆ.

ಕೊನೆಯ ಪರೀಕ್ಷೆ ಬಿಲ್ ನಂಬರಿನದ್ದು. ಶೆಲ್ ಸ್ಕ್ರಿಪ್ಟನ್ನೂ ಪೈಥಾನ್ ಕೋಡನ್ನೂ ಒಟ್ಟಿಗೆ ಓಡಿಸಿ, ಸೊನ್ನೆಯಿಂದ ಶುರು ಮಾಡಿ ಇಬ್ಬರೂ 10000 ಸಲ ಒಂದು ಕೂಡಿಸಲಿ. ಕೊನೆಗೆ ಫೈಲಿನಲ್ಲಿ 20000 ಇರಬೇಕು. 19999 ಇದ್ದರೂ ಲಾಕ್ ಸರಿಯಿಲ್ಲ. ಒಮ್ಮೆ ಲಾಕ್ ಸಾಲನ್ನು ಬೇಕೆಂದೇ ತೆಗೆದು ಓಡಿಸಿ, ಸಂಖ್ಯೆ ಕಮ್ಮಿ ಬರುತ್ತದೆಯೇ ನೋಡಿ. ಬರದಿದ್ದರೆ ನಿಮ್ಮ ಪರೀಕ್ಷೆಯಲ್ಲಿ ಇಬ್ಬರೂ ಎದುರುಬದುರಾಗುತ್ತಲೇ ಇಲ್ಲ.

ಈ ಲಕ್ಷಣ ಕಂಡರೆ ಎಚ್ಚರ

ಎಂಥ ಒತ್ತಡದಲ್ಲೂ ಯಾರೂ ಒಂದು ಸಲವೂ ಕಾಯದ ಲಾಕ್ ಅನುಮಾನಾಸ್ಪದ. ಬೇರೆ ಬೇರೆ ಫೈಲ್‌ಗಳಿಗೆ ಹಾಕಿದ್ದೀರಿ, ಇಲ್ಲವೇ ಜಾತಿ ಬೇರೆ. ಎಲ್‌ಎಸ್‌ಲಾಕ್ಸ್‌ನಲ್ಲಿ ಸತ್ತ ಪಿಐಡಿ ಕಂಡರೆ ಯಾವುದೋ ಮಗು ಡಿಸ್ಕ್ರಿಪ್ಟರ್ ಹಿಡಿದು ಕೂತಿದೆ. ಎಲ್‌ಎಸ್‌ಓಎಫ್‌ನಲ್ಲಿ ಲಾಕ್ ಫೈಲಿನ ಪಕ್ಕ ‘ಡಿಲೀಟೆಡ್’ ಎಂದಿದ್ದರೆ ಅಳಿಸುವ ಸಾಲೊಂದು ಕೋಡ್‌ನಲ್ಲಿ ಇನ್ನೂ ಉಳಿದಿದೆ, ಹುಡುಕಿ ತೆಗೆಯಿರಿ.

ಫೈಲ್ ಎನ್‌ಎಫ್‌ಎಸ್ ಮೇಲಿದ್ದರೆ, ಅಂದರೆ ನೆಟ್‌ವರ್ಕ್ ಮೂಲಕ ಬೇರೆ ಯಂತ್ರದ ಡಿಸ್ಕ್ ಮೇಲಿದ್ದರೆ, ಆಟದ ನಿಯಮವೇ ಬದಲಾಗುತ್ತದೆ. ಕರ್ನಲ್ 2.6.12ರಿಂದ ಅಲ್ಲಿ ಫ್ಲಾಕ್ ಕೇಳಿದರೆ ಒಳಗೊಳಗೇ ಇಡೀ ಫೈಲಿನ ಪೋಸಿಕ್ಸ್ ರೀತಿಯ ಲಾಕ್ ಆಗುತ್ತದೆ. ಓದಲು ಮಾತ್ರ ತೆರೆದ ಫೈಲಿಗೆ ಎಕ್ಸ್‌ಕ್ಲೂಸಿವ್ ಲಾಕ್ ಸಿಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನಡೆದ ಕೋಡ್ ಸರ್ವರಿನಲ್ಲಿ ‘ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್’ ಎಂದು ಬಿದ್ದರೆ ಕಾರಣ ಇದಿರಬಹುದು. ನೆಟ್‌ವರ್ಕ್ ಕಡಿದು ಸರ್ವರ್ ಲಾಕನ್ನು ಕಿತ್ತುಕೊಂಡರೂ ನಿಮ್ಮ ಪ್ರೋಗ್ರಾಂ ಅದು ತನ್ನ ಬಳಿಯೇ ಇದೆ ಎಂದುಕೊಂಡು ಕೆಲಸ ಮುಂದುವರಿಸಬಹುದು. ಎರಡು ಯಂತ್ರಗಳ ನಡುವೆ ಬಿಲ್ ನಂಬರ್ ಹಂಚಬೇಕಾದರೆ ಫೈಲ್ ಬಿಟ್ಟು ಡೇಟಾಬೇಸ್‌ನಲ್ಲಿ ಒಂದು ಸೀಕ್ವೆನ್ಸ್ ಇಟ್ಟುಕೊಳ್ಳಿ.